ಕಿಸೆಯಿಲ್ಲದವಳ ಕ್ಲಿಪ್ಪಿನ ಚಾಕು

ಆ ಚಾಕು ಕೊಂಡದ್ದು ಸುತಳಿ ಕತ್ತರಿಸಲಿಕ್ಕೆ ಎಂದು ಯಶೋಧರಾ ಎಲ್ಲರ ಮುಂದೆ ಹೇಳುತ್ತಿದ್ದಳು. ಅದರಲ್ಲಿ ಅರ್ಧ ನಿಜವಿತ್ತು. ಉಳಿದರ್ಧ ನಿಜವೆಂದರೆ, ಕೊಂಡದ್ದು ಗಂಡನ ಬಾಯಿ ಮುಚ್ಚಿಸಲಿಕ್ಕೆ. ಮುಚ್ಚಿಸಲಾಗಲಿಲ್ಲ ಎಂಬುದು ಬೇರೆ ಮಾತು.

ಬಬಲೇಶ್ವರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಕೊರಿಯರ್ ಕಚೇರಿಯನ್ನು ಅವಳು ನೋಡಿಕೊಳ್ಳುತ್ತಿದ್ದಳು. ಕಚೇರಿ ಎಂದರೆ ಒಂದು ಶಟರು, ಒಂದು ಕಂಪ್ಯೂಟರು, ಒಂದು ತೂಕದ ಯಂತ್ರ, ಮತ್ತು ಮನೆಮನೆಗೆ ಪಾರ್ಸಲ್ ಹಂಚುವ ಭಾಗಪ್ಪ. ದಿನಾ ಮುಂಜಾನೆ ವಿಜಯಪುರದಿಂದ ಗಾಡಿಯಲ್ಲಿ ಚೀಲಗಳು ಬರುತ್ತಿದ್ದವು. ಅವುಗಳ ಬಾಯಿಗೆ ಬಿಗಿದ ಸುತಳಿ ಬಿಚ್ಚುವುದೇ ದಿನದ ಮೊದಲ ಹೋರಾಟ. ಕಚೇರಿಗೊಂದು ಕತ್ತರಿಯಿತ್ತು, ಆದರೆ ಅದು ಕಾಗದ ಬಿಟ್ಟು ಬೇರೇನನ್ನೂ ಕತ್ತರಿಸುವುದಿಲ್ಲ ಎಂದು ಹಟ ಹಿಡಿದಿತ್ತು. ಭಾಗಪ್ಪ ಹಲ್ಲಿನಿಂದ ಕಚ್ಚಿ ಗಂಟು ಸಡಿಲಿಸುತ್ತಿದ್ದ. ಅದನ್ನು ನೋಡುತ್ತ ನಿಂತರೆ ಅವಳ ಹಲ್ಲೇ ಜುಂ ಎನ್ನುತ್ತಿತ್ತು.

ಮನೆ ವಿಜಯಪುರದಲ್ಲಿ, ಬಬಲೇಶ್ವರದ ರಸ್ತೆ ಊರು ಸೇರುವ ಬಬಲೇಶ್ವರ ನಾಕಾದ ಹತ್ತಿರ; ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಗಂಡ ಪರಮೇಶ್ವರ ಊರೊಳಗಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕ. ಅವನ ಹತ್ತಿರ ಕಟ್ಟಿಗೆ ಹಿಡಿಯ ಹಳೆಯ ಮಡಚು ಚಾಕು ಒಂದಿತ್ತು, ಮದುವೆಗಿಂತ ಹಿಂದಿನದು. ಅದು ಸದಾ ಪ್ಯಾಂಟಿನ ಕಿಸೆಯ ತಳದಲ್ಲಿ ಬಿದ್ದಿರುತ್ತಿತ್ತು. ಯಾರಾದರೂ ಚಾಕು ಕೇಳಿದರೆ ಮೊದಲು ಕರವಸ್ತ್ರ ಹೊರಬರುತ್ತಿತ್ತು, ಆಮೇಲೆ ಸ್ಕೂಟರಿನ ಕೀಲಿ, ಆಮೇಲೆ ಒಂದು ಸುಣ್ಣದ ಬಳಪ, ಎರಡು ಅಡಿಕೆ ಚೂರು, ಎಲ್ಲಕ್ಕೂ ಕೊನೆಗೆ ಚಾಕು.

"ನಿಮ್ಮ ಚಾಕು ಹೊರಗ ಬರೂದ್ರಾಗ ಕಲ್ಲಂಗಡಿ ಕೊಳೀತೈತಿ ನೋಡ್ರಿ," ಎನ್ನುತ್ತಿದ್ದಳು ಯಶೋಧರಾ.

"ತಡಾ ಆದ್ರೂ ಬರ್ತೈತಲ್ಲ? ಒಮ್ಮೆನೂ ಕಳದಿಲ್ಲ," ಎನ್ನುತ್ತಿದ್ದ ಅವನು.

ಹೀಗಿರುವಾಗ ಒಂದು ದಿನ ಮೊಬೈಲಿನಲ್ಲಿ ಅವಳಿಗೆ ಕ್ಲಿಪ್ಪಿನ ಚಾಕು ಕಂಡಿತು. ಕಪ್ಪು ಹಿಡಿ, ಹೊಳೆಯುವ ಅಲಗು, ಒಂದು ಮಗ್ಗುಲಿಗೆ ಪೆನ್ನಿಗಿದ್ದಂತೆ ಉಕ್ಕಿನ ಪಟ್ಟಿ. ಚಿತ್ರದಲ್ಲಿ ಒಬ್ಬ ಗಡ್ಡದ ಗಂಡಸು ಅದನ್ನು ಪ್ಯಾಂಟಿನ ಕಿಸೆಯ ಅಂಚಿಗೆ ಸಿಕ್ಕಿಸಿಕೊಂಡು ಬೆಟ್ಟ ನೋಡುತ್ತ ನಿಂತಿದ್ದ. ಆ ರಾತ್ರಿಯಿಂದಲೇ ಊಟದ ಹೊತ್ತಿನಲ್ಲಿ ವಾದ ಶುರುವಾಯಿತು.

"ಕ್ಲಿಪ್ಪ ಇದ್ರ ಚಾಕು ಕಿಸೆ ಬಾಯಾಗ ನಿಂತಿರ್ತೈತಿ. ಕೈ ಒಯ್ದ್ರ ಸಾಕು, ಬಂತು. ಹುಡುಕೂದಿಲ್ಲ, ತಡಕೂದಿಲ್ಲ."

"ನಿನ್ನ ಕೈಗಷ್ಟ ಅಲ್ಲ, ಊರ ಮಂದಿ ಕಣ್ಣಿಗೂ ಬರ್ತೈತಿ. ಚಾಕು ಅನ್ನೂದು ಕಿಸೇದಾಗ ಮಲಗಿರಬೇಕು. ಹೊರಗ ಕುಂತು ಹೋಗೂ ಬರೂ ಮಂದಿಗೆ ನಮಸ್ಕಾರ ಮಾಡಬಾರದು."

"ಕಳ್ಯಾಂಗಿಲ್ಲಲ್ರಿ?"

"ಕಿಸೆ ಅರಿವಿ ಹರೀತೈತಿ."

ಅವಳು ವಾದ ಗೆದ್ದಳು. ಗೆಲ್ಲುವ ಉಪಾಯವೆಂದರೆ, ಅವನು ಅನ್ನ ಕಲಸುತ್ತಿರುವಾಗ ಆರ್ಡರ್ ಮಾಡಿಬಿಟ್ಟದ್ದು.

ಪಾರ್ಸಲ್ ಅವಳ ಕಚೇರಿಗೇ ಬಂತು. ಬೇರೆಯವರ ಪಾರ್ಸಲ್ ಎಂಬಂತೆ ಮೊದಲು ಅದನ್ನು ಕಂಪ್ಯೂಟರಿಗೆ ಹಾಕಿ, ತನಗೆ ತಾನೇ ಸಹಿ ಮಾಡಿಕೊಟ್ಟು, ಆ ಹಟಮಾರಿ ಕತ್ತರಿಯಿಂದ ಟೇಪು ಕೊರೆದು ಹೊರತೆಗೆದಳು. ಚಾಕು ಚಂದವಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಟಕ್ ಎಂದು ತೆರೆದುಕೊಳ್ಳುತ್ತಿತ್ತು. ಭಾಗಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಗತ್ತಿನಿಂದ ಅದನ್ನು ಮಡಚಿ, ಸಿಕ್ಕಿಸಿಕೊಳ್ಳಲು ಸೊಂಟದ ಕಡೆ ಕೈ ಒಯ್ದಳು.

ಕಿಸೆ ಇರಲಿಲ್ಲ.

ಸೀರೆ ಉಟ್ಟಿದ್ದಳು. ದಿನಾಲೂ ಸೀರೆಯನ್ನೇ ಉಡುತ್ತಿದ್ದಳು. ಅಷ್ಟು ದಿನ ಚಿತ್ರ ನೋಡಿದ್ದಳು, ಕೊಂಡವರ ಅಭಿಪ್ರಾಯಗಳನ್ನೆಲ್ಲ ಓದಿದ್ದಳು, ಗಂಡನ ಕೂಡ ಜಗಳ ಆಡಿದ್ದಳು. ಕಿಸೆಗೆ ಸಿಕ್ಕಿಸುವ ಚಾಕುವಿಗೆ ಒಂದು ಕಿಸೆ ಬೇಕು ಎಂಬ ಸಂಗತಿ ಮಾತ್ರ ಹೊಳೆದಿರಲಿಲ್ಲ. ತಾನು ಕಾಮರ್ಸ್ ಡಿಗ್ರಿ ಮೊದಲ ದರ್ಜೆಯಲ್ಲಿ ಮುಗಿಸಿದವಳು ಎಂಬುದು ಆಗ ಯಾಕೋ ನೆನಪಾಗಿ ಅವಳಿಗೆ ನಗೆ ಬಂತು.

ಹಾಗಂತ ಸೋಲು ಒಪ್ಪುವವಳಲ್ಲ. ಮೊದಲು ಸೊಂಟದಲ್ಲಿ, ಲಂಗದ ಲಾಡಿಗೆ ಸಿಕ್ಕಿಸಿದಳು. ನಿಂತಾಗ ಚಲೋ ಇತ್ತು, ಕುಳಿತರೆ ಪಕ್ಕೆಲುಬಿಗೆ ತಿವಿಯುತ್ತಿತ್ತು. ಕಂಪ್ಯೂಟರಿನ ಮುಂದೆ ದಿನವಿಡೀ ಸೈನಿಕನಂತೆ ಎದೆ ಸೆಟೆಸಿ ಕುಳಿತದ್ದನ್ನು ನೋಡಿ ಭಾಗಪ್ಪ, "ಬಾಯಾರ, ಬೆನ್ನ ಹಿಡಿದೈತೇನ್ರಿ?" ಎಂದು ಮುಲಾಮು ತಂದುಕೊಟ್ಟ. ಮರುದಿನ ಕೊರಳಲ್ಲಿನ ಗುರುತಿನ ಕಾರ್ಡಿನ ಪಟ್ಟಿಗೆ ಸಿಕ್ಕಿಸಿದಳು. ಒಬ್ಬ ಮುದುಕ ಕೌಂಟರಿನ ಮೇಲೆ ಬಗ್ಗಿ, "ಪೆನ್ನ ಕೊಡ್ರಿ ತಂಗಿ, ಒಂದ ಸಹಿ ಮಾಡಿ ಕೊಡತೇನಿ," ಎಂದು ಅದಕ್ಕೆ ಕೈ ಚಾಚಿದ. ಪೆನ್ನಲ್ಲ, ಚಾಕು ಎಂದು ಗೊತ್ತಾದಾಗ ಕಾಗದವನ್ನೂ ಬಿಟ್ಟು ಹೋದ. ಪರ್ಸಿನಲ್ಲಿ ಹಾಕಿದರೆ ಸರಿಹೋಗುತ್ತಿತ್ತು. ಆದರೆ ಪರ್ಸಿನಲ್ಲಿ ತಡಕಾಡಿ ತೆಗೆಯುವ ಚಾಕುವಿಗೂ ಗಂಡನ ಚಾಕುವಿಗೂ ವ್ಯತ್ಯಾಸವೇನು ಉಳಿಯಿತು?

ಕೊನೆಗೆ ನಾಕಾದ ಹತ್ತಿರ ಬಟ್ಟೆ ಹೊಲಿಯುವ ಸುರೈಯಾಳ ಹತ್ತಿರ ಹೋಗಿ, ಎರಡೂ ಮಗ್ಗುಲಿಗೆ ಕಿಸೆಯಿರುವ ಕುರ್ತಾಗಳನ್ನು ಹೊಲಿದುಕೊಡು ಎಂದಳು.

"ಕಂಡಕ್ಟರ್ ನೌಕರಿ ಸಿಕ್ತೇನ್ರಿ ಅಕ್ಕಾ?" ಎಂದಳು ಸುರೈಯಾ, ಅಳತೆ ಪಟ್ಟಿ ಕೊರಳಿಗೆ ಹಾಕಿಕೊಳ್ಳುತ್ತ.

ಒಂದು ಚಾಕುವಿನ ಸಲುವಾಗಿ ಹೀಗೆ ಯಶೋಧರಾ ತನ್ನ ಉಡುಗೆಯನ್ನೇ ಬದಲಿಸಿದಳು. ಸೀರೆ ಬಿಟ್ಟದ್ದು ಬಸ್ಸು ಹತ್ತುವ ಅನುಕೂಲಕ್ಕೆ ಎಂದು ಓಣಿಯಲ್ಲಿ ಹೇಳಿಕೊಂಡಳು.

ಆಮೇಲಿನ ಕೆಲವು ದಿನ ಸುಖದ ದಿನಗಳು. ಚೀಲ ಬಂದ ಕೂಡಲೆ ಕೈ ಕಿಸೆಯ ಅಂಚಿಗೆ ಹೋಗುತ್ತಿತ್ತು, ಟಕ್, ಸುತಳಿ ಹರಿದು ಬೀಳುತ್ತಿತ್ತು, ಟಕ್, ಚಾಕು ಮತ್ತೆ ತನ್ನ ಜಾಗಕ್ಕೆ. ಭಾಗಪ್ಪನ ಹಲ್ಲಿಗೆ ವಿಶ್ರಾಂತಿ ಸಿಕ್ಕಿತು. ಆದರೆ ಗಂಡ ಹೇಳಿದ್ದೂ ಒಂದೊಂದಾಗಿ ನಿಜವಾಗತೊಡಗಿತು. ಕಂಡದ್ದನ್ನು ಜನ ಕೇಳುತ್ತಾರೆ. ಪಕ್ಕದ ಬೇಕರಿಯವನು ಬ್ರೆಡ್ಡಿನ ಡಬ್ಬಿ ಒಡೆಯಲು ಕೇಳಿದ. ಬಸ್ಸಿನಲ್ಲಿ ಒಬ್ಬಳು ಪೇರಲ ಹಣ್ಣು ಹೆಚ್ಚಲು ಕೇಳಿ, ಅರ್ಧ ಹಣ್ಣು ಯಶೋಧರಾಳಿಗೇ ಕೊಟ್ಟಳು. ಸಂತೆಯಲ್ಲಿ ಒಬ್ಬ ಕೋಳಿಯ ಕಾಲಿನ ಹಗ್ಗ ಕೊಯ್ಯಲು ಇಸಕೊಂಡ. ಕೋಳಿ ಓಡಿತು, ಅವನೂ ಚಾಕು ಹಿಡಿದುಕೊಂಡೇ ಅದರ ಬೆನ್ನ ಹಿಂದೆ ಓಡಿದ, ಅವನ ಬೆನ್ನ ಹಿಂದೆ ಯಶೋಧರಾ. ದಿನಾ ಎಳೆದೂ ಸಿಕ್ಕಿಸಿಯೂ ಹೊಸ ಕುರ್ತಾದ ಕಿಸೆಯ ಅಂಚು ನೂಲು ನೂಲಾಯಿತು. ಪರಮೇಶ್ವರನ ಸ್ಕೂಟರಿನ ಮೇಲೆ ಉದ್ದಕ್ಕೊಂದು ಗೀರು ಬಿತ್ತು. "ಬೆಕ್ಕ ಗೀರಿರಬೇಕ್ರಿ," ಎಂದಳು ಅವಳು. ತಗಡು ಗೀರುವ ಬೆಕ್ಕು ವಿಜಯಪುರದಲ್ಲಿ ಎಲ್ಲಿದೆ ಎಂದು ಅವನು ಕೇಳಲಿಲ್ಲ. ಕೇಳದೆ ಬಿಟ್ಟದ್ದೇ ಅವಳಿಗೆ ಹೆಚ್ಚು ಚುಚ್ಚಿತು.

ಇಲ್ಲಿ ಅವಳ ವೈನಿಯ ಸಂಗತಿ ಹೇಳಬೇಕು. ಯಶೋಧರಾಳ ತವರು ಟಿಕೋಟಾ. ಅಲ್ಲಿ ತಾಯಿ ಚಂದ್ರಾಬಾಯಿ, ಅಣ್ಣ ಸಾಬಣ್ಣ, ಅಣ್ಣನ ಹೆಂಡತಿ ಸಂಘಮಿತ್ರಾ ಇದ್ದರು. ಸಂಘಮಿತ್ರಾ ಘೋಣಸಗಿಯ ಅಂಗನವಾಡಿಯಲ್ಲಿ ಟೀಚರ್. ಈ ವೈನಿಗೂ ನಾದಿನಿಗೂ ಒಂದೂವರೆ ವರ್ಷದಿಂದ ಮಾತಿರಲಿಲ್ಲ.

ಕಾರಣ ಯಶೋಧರಾಳಿಗೆ ಚೆನ್ನಾಗಿ ಗೊತ್ತಿತ್ತು. ಬುದ್ಧ ಪೂರ್ಣಿಮೆಯ ಊಟದಲ್ಲಿ ವೈನಿ ಹೋಳಿಗೆ ಬಡಿಸಿದಾಗ, ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ, "ವೈನಿ, ಇದನ್ನ ತಿಂದ ಮ್ಯಾಲೆ ಹಲ್ಲಿನ ಡಾಕ್ಟರನ್ನೂ ನೀವ ತೋರಸ್ತೀರೇನು?" ಎಂದಿದ್ದಳು. ಎಲ್ಲರೂ ನಕ್ಕರು. ಅಂಥ ಚಟಾಕಿ ಹಾರಿಸಿದ್ದಕ್ಕೆ ಆವತ್ತು ಅವಳಿಗೆ ಹೆಮ್ಮೆಯಾಗಿತ್ತು. ಅದಾದ ಕೆಲವೇ ದಿನಗಳಲ್ಲಿ ವೈನಿ ಮಾತು ಬಿಟ್ಟಳು. ಫೋನ್ ಮಾಡಿದರೆ ಎತ್ತಲಿಲ್ಲ. ಹೆಮ್ಮೆ ಹೋಗಿ ನಾಚಿಕೆ ಬಂತು, ನಾಚಿಕೆ ಹೋಗಿ ಸಿಟ್ಟು ಬಂತು. ಒಂದು ಹೋಳಿಗೆಯ ಮಾತಿಗೆ ಇಷ್ಟು ದಿನ ಮುನಿಸೇ? ಸರಿ, ನಾನೂ ಮಾತಾಡುವುದಿಲ್ಲ. ಅಂದಿನಿಂದ ವೈನಿ ಅಂಗನವಾಡಿಯಲ್ಲಿರುವ ಹೊತ್ತು ನೋಡಿಕೊಂಡೇ ಅವಳು ಟಿಕೋಟಾಕ್ಕೆ ಹೋಗಿ ತಾಯಿಯನ್ನು ಕಂಡುಬರುತ್ತಿದ್ದಳು. ನಡುವೆ ಸುದ್ದಿ ಹೊತ್ತು ಹೊತ್ತು ಸಾಬಣ್ಣ ಬಡವಾಗಿದ್ದ.

ಹೀಗಿರುವಾಗ ಒಂದು ದಿನ ಬಬಲೇಶ್ವರದ ಸಂತೆ. ಸಂಜೆಯ ಬಸ್ಸಿನಲ್ಲಿ ಹೆಂಗಸರು, ಬುಟ್ಟಿಗಳು, ಬದನೆಕಾಯಿ ಚೀಲಗಳು ಒಂದರ ಮೇಲೊಂದು. ಯಶೋಧರಾ ಹೇಗೋ ಒಳಗೆ ತೂರಿ ನಡುವಿನ ಕಂಬ ಹಿಡಿದು ನಿಂತಳು. ಬಸ್ಸು ಹೊರಡುವಷ್ಟರಲ್ಲಿ ಬಾಗಿಲಿನಿಂದ ಇನ್ನೊಂದು ನೂಕು ಬಂತು. ಆ ನೂಕಿನ ತುದಿಯಲ್ಲಿ ಸಂಘಮಿತ್ರಾ ಇದ್ದಳು. ಅವಳ ತವರೂರು ಬಬಲೇಶ್ವರದ ಆಚೆಯ ಒಂದು ಹಳ್ಳಿ, ಅಲ್ಲಿಂದ ಬರುತ್ತಿದ್ದಳು. ಟಿಕೋಟಾದ ಜೀಪು ತಪ್ಪಿದ್ದರಿಂದ ವಿಜಯಪುರದ ಮೇಲೆ ಸುತ್ತಿ ಹೊರಟಿದ್ದಳು. ಹೆಗಲಿಗೆ ತಾನೇ ಕ್ರೋಶಾ ಕಡ್ಡಿಯಿಂದ ಹೆಣೆದ, ತೂತು ತೂತಿನ ದೊಡ್ಡ ಹಸಿರು ಚೀಲ.

ಕಣ್ಣು ಕೂಡಿದವು. ಕೂಡಿದ ಕೂಡಲೆ ಸಂಘಮಿತ್ರಾಳಿಗೆ ಎಡಗಡೆಯ ಕಿಟಕಿಯಲ್ಲೂ, ಯಶೋಧರಾಳಿಗೆ ಬಲಗಡೆಯ ಕಿಟಕಿಯಲ್ಲೂ ಬಹಳ ಮುಖ್ಯವಾದದ್ದೇನೋ ಕಂಡಿತು. ಆದರೆ ಜನ ಕೇಳಬೇಕಲ್ಲ? ಪ್ರತಿ ಊರಿನಲ್ಲಿ ಹತ್ತುವವರು ಹತ್ತಿ, ನೂಕುವವರು ನೂಕಿ, ಕೊನೆಗೆ ಇಬ್ಬರೂ ಬೆನ್ನಿಗೆ ಬೆನ್ನು ಹಚ್ಚಿ ನಿಂತರು. ವೈನಿಯ ಚೀಲ ಯಶೋಧರಾಳ ಮಗ್ಗುಲಿಗೆ ಒತ್ತಿಕೊಂಡಿತು. ಕುತ್ತಿಗೆ ನೋಯುತ್ತಿದ್ದರೂ ಯಶೋಧರಾ ಹೊರಳಲಿಲ್ಲ. ಕಿಟಕಿಯಾಚೆ ಒಂದೇ ಸಮ ತೊಗರಿ ಹೊಲ, ಮತ್ತೆ ತೊಗರಿ ಹೊಲ. ಅದನ್ನು ಅಷ್ಟು ಗಮನವಿಟ್ಟು ಹೊಲದ ಒಡೆಯನೂ ನೋಡಿರಲಿಕ್ಕಿಲ್ಲ.

ನಾಕಾ ಬಂತು. ಬಸ್ಸು ನಿಂತಿತು. ಯಶೋಧರಾ ಜನರ ನಡುವೆ ದಾರಿ ಮಾಡಿಕೊಂಡು ಬಾಗಿಲಿನ ಕಡೆ ನುಗ್ಗಿದಳು. ಹಿಂದಿನಿಂದ ಒಂದು ಚೀರು ಕೇಳಿಸಿತು.

"ಯವ್ವಾ, ನನ್ನ ಚೀಲ! ಹಿಡೀರಿ ಆಕೀನ್ನ! ಚೀಲ ಕಸ್ಕೊಂಡು ಹೊಂಟಾಳ!"

ನಾಲ್ಕಾರು ಕೈಗಳು ಯಶೋಧರಾಳ ರಟ್ಟೆ ಹಿಡಿದವು. ಕಂಡಕ್ಟರ್ ಸೀಟಿ ಊದಿದ. ಯಾರೋ "ಪೊಲೀಸ್ ಠಾಣೆಗೆ ಹೊಡೀರಿ ಗಾಡಿ" ಎಂದರು. ತಾನು ಕಳ್ಳಿಯಲ್ಲ, ಬಬಲೇಶ್ವರದ ಒಂದು ಕಚೇರಿಯ ಮುಖ್ಯಸ್ಥೆ ಎಂದು ಹೇಳಲು ಬಾಯಿ ತೆರೆದವಳು ಕೆಳಗೆ ನೋಡಿದಳು. ಅವಳ ಚಾಕುವಿನ ಕ್ಲಿಪ್ಪು ಹಸಿರು ಚೀಲದ ಹೆಣಿಗೆಯೊಳಗೆ ಬಾಯಿ ಹಾಕಿ ಕಚ್ಚಿಕೊಂಡಿತ್ತು.

"ವೈನಿ, ನಾನ್ರಿ," ಎಂದಳು ಸಣ್ಣ ದನಿಯಲ್ಲಿ. ಒಂದೂವರೆ ವರ್ಷದ ಮೇಲೆ ಆಡಿದ ಮೊದಲ ಮಾತು.

ಸಂಘಮಿತ್ರಾ ತಿರುಗಿ ನೋಡಿದಳು. ಇಡೀ ಬಸ್ಸು ಅವಳ ಮುಖ ನೋಡಿತು.

"ನಿಮ್ಮವರೇನ್ರಿ?" ಎಂದ ಕಂಡಕ್ಟರ್.

ಸಂಘಮಿತ್ರಾ ಉತ್ತರ ಕೊಡಲು ತೆಗೆದುಕೊಂಡಷ್ಟು ಹೊತ್ತು ಯಶೋಧರಾಳಿಗೆ ಯಾವ ಪರೀಕ್ಷೆಯ ಫಲಿತಾಂಶಕ್ಕೂ ಕಾದದ್ದು ನೆನಪಿಲ್ಲ.

"ಹೌದ್ರಿ," ಎಂದಳು ಕೊನೆಗೆ, ಔಷಧಿ ನುಂಗಿದವಳಂತೆ. "ನಮ್ಮವರ ಇದ್ದಾರ."

"ಹಂಗಿದ್ರ ಜಗಳಾ ತಳಗ ಇಳದ ಮಾಡ್ರಿ. ಹೋಗೂನ ನಡೀರಿ!"

ಹೀಗೆ ಇಬ್ಬರೂ ನಾಕಾದಲ್ಲಿ ಇಳಿದರು. ಇಳಿದರು ಎನ್ನುವುದಕ್ಕಿಂತ ಇಳಿಸಲ್ಪಟ್ಟರು. ಬಸ್ಸು ಹೋಯಿತು. ಧೂಳು ಕೂತ ಮೇಲೆ ಯಶೋಧರಾ ಬಿಡಿಸಲು ನೋಡಿದಳು. ದಾರಿಯುದ್ದಕ್ಕೂ ಕುಲುಕಾಡಿದ್ದರಿಂದ ಚೀಲದ ಎಳೆಗಳು ಕ್ಲಿಪ್ಪಿನ ಅಡಿಗೆ ಹೊಕ್ಕು, ಸುತ್ತಿ, ಹರಿದ ಕಿಸೆಯ ನೂಲಿನ ಜೊತೆ ಗಂಟು ಹಾಕಿಕೊಂಡಿದ್ದವು. ಚಾಕುವನ್ನು ಮೇಲಕ್ಕೆಳೆದರೆ ಚೀಲ ಬಿಗಿಯುತ್ತಿತ್ತು, ಚೀಲ ಎಳೆದರೆ ಕುರ್ತಾ ಚರ್ ಎನ್ನುತ್ತಿತ್ತು.

"ಏನದು ಕಟಗೊಂಡಿದ್ದು?" ಎಂದಳು ಸಂಘಮಿತ್ರಾ.

"ಚಾಕು, ವೈನಿ."

"ಚಾಕು? ನನ್ನ ಸಲುವಾಗಿ ಇಟಗೊಂಡಿಯೇನು?"

"ಅಲ್ರಿ, ಸುತಳಿ ಸಲುವಾಗಿ... ಒಂದೆರಡ ಎಳಿ ಕತ್ತರಿಸಿದ್ರ ಬಿಡ್ತೈತಿ."

"ಮುಟ್ಟಬ್ಯಾಡ! ಬ್ಯಾಸಗಿ ತುಂಬ ಕುಂತು ಹೆಣದೇನಿ. ಒಂದ ಎಳಿ ಕತ್ತರಿಸಿದ್ರ ಪೂರಾ ಬಿಚ್ಕೊಂತ ಹೋಗ್ತೈತಿ. ನಿನ್ನ ಕಿಸೆ ಕತ್ತರಿಸು."

"ನಡು ರಸ್ತೇದಾಗ?"

ಮೇಲಾಗಿ ಕತ್ತರಿಸುವುದು ಯಾವುದರಿಂದ? ಇದ್ದ ಒಂದು ಚಾಕು ತಾನೇ ಸೆರೆ ಸಿಕ್ಕಿ, ಮಡಚಿಕೊಂಡು ಕಿಸೆಯಲ್ಲಿ ಕೂತಿತ್ತು. ಇಳಿಸಿದರೆ ಚೀಲದ ಭಾರಕ್ಕೇ ಎಳೆ ಹರಿದೀತೆಂದು ಸಂಘಮಿತ್ರಾ ಅದನ್ನು ಹೆಗಲಿನಿಂದ ಇಳಿಸಲೂ ಒಪ್ಪಲಿಲ್ಲ. ಸುರೈಯಾಳ ಅಂಗಡಿಯ ತನಕ ಹೇಗೋ ಹೋದರು. ಬಾಗಿಲು ಹಾಕಿತ್ತು. ಯಾರದೋ ಮದುವೆಗೆ ಹೋಗಿದ್ದಾಳೆ ಎಂದರು. ಉಳಿದ ದಾರಿ ಒಂದೇ. ಜಗತ್ತಿನಲ್ಲಿ ಯಾರನ್ನು ಕರೆಯಬಾರದಿತ್ತೋ ಅವನಿಗೇ ಯಶೋಧರಾ ಫೋನ್ ಮಾಡಿದಳು.

"ರೀ, ಸ್ವಲ್ಪ ನಾಕಾಕ್ಕ ಬರ್ತೀರೇನು? ಬರೂವಾಗ... ಅದು... ನಿಮ್ಮ ಚಾಕು ಇದ್ರ..."

ಆ ಕಡೆಯಿಂದ ಮೊದಲು ಒಂದು ಸುಳ್ಳು ಕೆಮ್ಮು ಬಂತು. ಅವನು ನಗುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು.

ಪರಮೇಶ್ವರ ಸ್ಕೂಟರಿನ ಮೇಲೆ ದಿಗ್ವಿಜಯಕ್ಕೆ ಹೊರಟವನಂತೆ ಬಂದ. ವೈನಿಗೆ ನಮಸ್ಕಾರ ಹೇಳಿದ, ಗಂಟು ಪರೀಕ್ಷಿಸಿದ, ಹೆಂಡತಿಯ ಕಡೆ ಒಂದು ದೊಡ್ಡ ನೋಟ ಬೀರಿದ, ಆಮೇಲೆ ಕಿಸೆಯೊಳಗೆ ಕೈ ಹಾಕಿದ. ಕರವಸ್ತ್ರ ಬಂತು. ಕೀಲಿ ಬಂತು. ಬಳಪ ಬಂತು. ಇನ್ನೊಂದು ಕಿಸೆಗೆ ಕೈ ಹಾಕಿದ. ಅಂಗಿಯ ಕಿಸೆ ತಟ್ಟಿಕೊಂಡ. ಮುಖದ ಮೇಲಿನ ದಿಗ್ವಿಜಯ ಮೆಲ್ಲಗೆ ಇಳಿಯಿತು.

"ಪ್ಯಾಂಟ್ ಬದಲಿ ಮಾಡೇನಿ," ಎಂದ. "ನಿನ್ನಿ ಪ್ಯಾಂಟಿನ್ಯಾಗ ಉಳದೈತಿ. ಅದನ್ನ ಮುಂಜಾನೆ ಬಕೀಟಿನ್ಯಾಗ ನೆನಿ ಹಾಕಿದ್ದೆ."

ಇಂಥ ಕ್ಷಣಕ್ಕಾಗಿ ಯಶೋಧರಾ ಇಪ್ಪತ್ತು ವರ್ಷ ಸಂಸಾರ ಮಾಡಿದ್ದಳು. ಈಗ ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಎಮ್ಮೆಯನ್ನು ಗೂಟಕ್ಕೆ ಕಟ್ಟಿದಂತೆ ವೈನಿಗೆ ಕಟ್ಟಿಕೊಂಡು ನಿಂತವಳು ಬೇರೆಯವರ ಚಾಕುವಿನ ಬಗ್ಗೆ ಏನು ಮಾತಾಡಬೇಕು?

ಮನೆಗೆ ನಡೆದೇ ಹೋಗಬೇಕಾಯಿತು. ಇಬ್ಬರ ಹೆಜ್ಜೆ ಕೂಡಲಿಲ್ಲ. ಸಂಘಮಿತ್ರಾ ಬೀಸುಗಾಲಿನವಳು, ಯಶೋಧರಾ ಗಿಡ್ಡಿ. ಪರಮೇಶ್ವರ ಸ್ಕೂಟರನ್ನು ತಳ್ಳಿಕೊಂಡು ಹಿಂದಿನಿಂದ ಬಂದ. ಪಕ್ಕದ ಮನೆಯ ನಂದಾ ಗೇಟಿನಲ್ಲಿ ನಿಂತಿದ್ದವಳು, "ವೈನೀನ್ನ ಎಷ್ಟ ಒತ್ತಿ ಹಿಡಕೊಂಡ ಬರಾಕತ್ತೀರಿ ಅಕ್ಕಾರ! ನನ್ನ ನಾದಿನಿ ನನ್ನ ನೆರಳಿಗೂ ಬರಾಂಗಿಲ್ಲ," ಎಂದು ಕಣ್ಣು ತುಂಬಿ ಹೇಳಿದಳು. ಇಬ್ಬರೂ ಒಟ್ಟಿಗೆ ನಕ್ಕಂತೆ ಮಾಡಿದರು.

ಕುರ್ತಾ ಕಳಚಲು ಹೋದರೂ ಎಳೆ ಹರಿದೀತೆಂದು ವೈನಿ ಬಿಡದ್ದರಿಂದ, ಮನೆಯಲ್ಲಿ ಸೋಫಾದ ಮೇಲೆ ಇಬ್ಬರೂ ಒಟ್ಟಿಗೆ ಕೂಡಬೇಕಾಯಿತು. ಪರಮೇಶ್ವರ ಕನ್ನಡಕ ಏರಿಸಿ, ಮೊಣಕಾಲೂರಿ, ಕ್ಲಿಪ್ಪನ್ನು ನೋಡಿದ.

"ಇದು ಸ್ಕ್ರೂ ಮ್ಯಾಲೆ ನಿಂತೈತಿ. ಎರಡು ಸಣ್ಣ ಸ್ಕ್ರೂ. ಅವನ್ನ ತಗದ್ರ ಕ್ಲಿಪ್ಪ ಕೈಯಾಗ ಬರ್ತೈತಿ, ಯಾವುದೂ ಕತ್ತರಸೂದ ಬ್ಯಾಡ. ಆದ್ರ ತಲಿ ನಕ್ಷತ್ರದಂಗ ಐತಿ, ನನ್ನ ಕಡೆ ಅಂಥ ಸ್ಕ್ರೂ ಡ್ರೈವರ್ ಇಲ್ಲ. ಮೊಬೈಲ್ ರಿಪೇರಿ ಅಂಗಡ್ಯಾಗ ಇಸಗೊಂಡ ಬರ್ತೇನಿ."

ಇಬ್ಬರಿಗೂ ಚಹಾ ಮಾಡಿಕೊಟ್ಟು ಅವನು ಹೊರಟುಹೋದ. ಯಶೋಧರಾ ಬಟ್ಟಲಿನೊಳಗೆ ನೋಡುತ್ತ ಕುಳಿತಳು. ಎದ್ದು ಅಡಿಗೆಮನೆಗೆ ಹೋಗುವಂತಿಲ್ಲ, ಫೋನ್ ಬಂದಂತೆ ಮಾಡಿ ಹೊರಗೆ ಹೋಗುವಂತಿಲ್ಲ. ಇಷ್ಟು ದಿನ ಉಪಯೋಗಿಸಿದ ಉಪಾಯಗಳೆಲ್ಲ ಮುಗಿದವು.

"ವೈನಿ," ಎಂದಳು, "ಅವತ್ತ ನಾ ಹೋಳಗಿ ಬಗ್ಗೆ ಹಂಗ ಅನ್ನಬಾರದಾಗಿತ್ತು."

"ಯಾವ ಹೋಳಗಿ?"

"ಪೂರ್ಣಿಮಾ ದಿನದ್ದು. ಹಲ್ಲಿನ ಡಾಕ್ಟರ್ ಅಂತ ಅಂದಿದ್ನಲ್ಲ..."

ಸಂಘಮಿತ್ರಾ ನೆನಪು ಮಾಡಿಕೊಂಡಳು. "ಓ, ಅದಾ? ಅವು ಖರೇನ ಗಟ್ಟಿ ಆಗಿದ್ದವು ಬಿಡು. ಉಳದಿದ್ದನ್ನ ನಿಮ್ಮಣ್ಣ ಎಮ್ಮಿ ಮುಂದ ಇಟ್ರು. ಎಮ್ಮಿನೂ ಮಾರಿ ತಿರುವಿತು."

ಯಶೋಧರಾಳಿಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಒಂಥರಾ ಅವಮಾನವಾಯಿತು. ಯಾವ ಚಟಾಕಿಯನ್ನು ನೆನೆದು ನೆನೆದು ನಿದ್ದೆಗೆಟ್ಟಿದ್ದಳೋ, ತನ್ನ ನಾಲಿಗೆ ಇಷ್ಟು ಹರಿತವಾಗಬಾರದಿತ್ತು ಎಂದು ಕೊರಗಿದ್ದಳೋ, ಅದು ವೈನಿಗೆ ತಾಗಿಯೇ ಇರಲಿಲ್ಲ.

"ಮತ್ತ ಯಾಕ ಮಾತ ಬಿಟ್ರಿ?"

"ನಾ ಬಿಟ್ಟೆ?" ಸಂಘಮಿತ್ರಾ ಬಟ್ಟಲು ಕೆಳಗಿಟ್ಟಳು. ಚೀಲ ಜಗ್ಗಿ ಯಶೋಧರಾಳೂ ಬಾಗಿದಳು. "ನನ್ನ ಗುರುತ ಸೈತ ಹಿಡೀಲಾರದಾಕಿ ನೀನು!"

"ನಾನಾ? ಎಲ್ಲಿ?"

"ನಿನ್ನ ಕಚೇರ್ಯಾಗ. ಪೂರ್ಣಿಮಾ ಆದ ಮ್ಯಾಲೆ, ನನ್ನ ತಂಗಿಗೆ ಒಂದ ಪಾರ್ಸಲ್ ಕಳಸಾಕ ಬಂದಿದ್ದೆ. ನಿನ್ನನ್ನೂ ನೋಡಿದಂಗ ಆಕ್ಕೈತಿ ಅಂತ ಚಕ್ಕಲಿ ಕಟಗೊಂಡ ಬಂದಿದ್ದೆ. ಪಾಳಿ ಹಚ್ಚಿ ನಿಂತೆ. ನೀ ಕಂಪ್ಯೂಟರ್ ಒಳಗ ಮಾರಿ ಇಟ್ಟಿದ್ದಿ. ಕಳಸೂರ ಹೆಸರ ಹೇಳ್ರಿ ಅಂದಿ. ಮಷ್ಕಿರಿ ಮಾಡಾಕತ್ತಾಳ ಅಂತ ತಿಳದು ಸಂಘಮಿತ್ರಾ ಸಾಬಣ್ಣ ಅಂದೆ. ಟಪಟಪ ಬಡದಿ. ಊರು ಅಂದಿ. ಟಿಕೋಟಾ ಅಂದೆ. ಓಣಿ ಯಾವುದ್ರಿ ಅಂದಿ. ನೀ ಹುಟ್ಟಿದ ಓಣಿ ಹೆಸರ ಹೇಳೇನಿ, ಯಶೋಧರಾ! ಅದನ್ನೂ ಬಡದಿ. ಆಮ್ಯಾಲೆ ಪಿನ್ ಕೋಡ್ ಕೇಳಿದಿ."

"ಪಿನ್ ಕೋಡ್ ಕೇಳಿದ್ನಾ?"

"ನೆನಪಿಲ್ಲ ಅಂದೆ. 'ನೆನಪಿಟಗೊಂಡ ಬರಬೇಕ್ರಿ ಬಾಯಾರ' ಅಂದಿ. ಮುಂದಿನವರು ಬರ್ರಿ ಅಂದಿ."

ಯಶೋಧರಾಳಿಗೆ ಆ ದಿನ ನೆನಪಿಗೆ ಬರಲಿಲ್ಲ. ಆದರೆ ಅನುಮಾನವೂ ಬರಲಿಲ್ಲ. ನೆಟ್‌ವರ್ಕ್ ಹೋಗಿ ಬಂದು ಮಾಡುವ ದಿನ ಅವಳು ಹಾಗೇ ಇರುತ್ತಾಳೆ. ಪರದೆಯ ಮೇಲಿನ ಗಾಲಿ ತಿರುಗುವುದನ್ನು ನೋಡುತ್ತ, ಎದುರು ನಿಂತವರು ಮನುಷ್ಯರೋ ಪಾರ್ಸಲ್ಲೋ ಎಂಬ ಅರಿವಿಲ್ಲದೆ ಕೇಳುತ್ತ ಹೋಗುತ್ತಾಳೆ. ತನ್ನ ಅಣ್ಣನ ಹೆಸರು, ತನ್ನ ಊರು, ತನ್ನ ಓಣಿ, ಎಲ್ಲವನ್ನೂ ತನ್ನ ಬೆರಳಿನಿಂದಲೇ ಒತ್ತಿ, ಕೊನೆಗೆ ಪಿನ್ ಕೋಡಿಗೆ ಬೈದು ಕಳಿಸಿದ್ದಳು. ಅವಳಿಗೆ ನಗು ಉಕ್ಕಿತು. ತಡೆಯಲು ನೋಡಿದಷ್ಟೂ ಹೆಚ್ಚಾಯಿತು. ಮೈ ಕುಲುಕಿ, ಚೀಲ ಕುಲುಕಿ, ಚಹಾ ಕುರ್ತಾದ ಮೇಲೆ ಚೆಲ್ಲಿತು.

"ನಗಬ್ಯಾಡ," ಎಂದಳು ಸಂಘಮಿತ್ರಾ. ಅವಳು ನಗುತ್ತಿರಲಿಲ್ಲ. "ಹೊರಗ ಬಂದು ಬಸ್‌ಸ್ಟ್ಯಾಂಡಿನ್ಯಾಗ ಕುಂತು ಅತ್ತೇನಿ ನಾನು. ಪಾಳಿಯಾಗಿನ ಮಂದಿ ಮುಂದ, ಈಕಿ ನಮ್ಮ ನಾದಿನಿ ಆಗಬೇಕ್ರಿ ಅಂತ ಆಗಷ್ಟ ಹೇಳಿದ್ದೆ."

ಯಶೋಧರಾಳ ನಗು ನಿಂತಿತು. ಇಂಥ ಹೊತ್ತಿಗೆ ಸದಾ ಒಂದು ಚಟಾಕಿ ಅವಳ ಬಾಯಿಗೆ ತಾನಾಗಿ ಬರುತ್ತಿತ್ತು. ಈ ಸಲವೂ ಬಂತು. ಅವಳು ಅದನ್ನು ನುಂಗಿಕೊಂಡಳು.

"ತಪ್ಪಾತು, ವೈನಿ," ಎಂದಳಷ್ಟೆ.

ಸಂಘಮಿತ್ರಾ ತನ್ನ ಸೆರಗಿನಿಂದ ಯಶೋಧರಾಳ ಕುರ್ತಾದ ಮೇಲಿನ ಚಹಾ ಒರೆಸಿದಳು. "ಚಕ್ಕಲಿ ನಾನ ತಿಂದೆ, ಪೂರಾ," ಎಂದಳು. "ಚಲೋ ಆಗಿದ್ದವು."

ಪರಮೇಶ್ವರ ಸ್ಕ್ರೂ ಡ್ರೈವರ್ ತಂದಾಗ ಇಬ್ಬರೂ ಸಾಬಣ್ಣನ ಗೊರಕೆಯ ಬಗ್ಗೆ ಮಾತಾಡುತ್ತಿದ್ದರು. ಅವನು ಮೊಣಕಾಲೂರಿ ಎರಡೂ ಸ್ಕ್ರೂ ಬಿಚ್ಚಿದ. ಕ್ಲಿಪ್ಪು ಕಳಚಿ ಬಂತು, ಚೀಲ ಬಿಡುಗಡೆಯಾಯಿತು. ಹೆಣಿಗೆಯ ಒಂದು ಎಳೆ ಹೊರಕ್ಕೆ ಜಗ್ಗಿತ್ತಷ್ಟೆ. ಬಿಡುಗಡೆಯಾದ ಸಂಘಮಿತ್ರಾ ಮೊದಲು ಮಾಡಿದ ಕೆಲಸ ಬಚ್ಚಲಮನೆಗೆ ಓಡಿದ್ದು.

ತಿರುಗಿ ಬಂದವಳು ಚಾಕುವನ್ನು ಎತ್ತಿಕೊಂಡು ತೆರೆದಳು, ಮಡಚಿದಳು, ಮತ್ತೆ ತೆರೆದಳು. "ಅಂಗನವಾಡಿಗೆ ಬ್ಯಾಳಿ ಚೀಲ, ಹಾಲಿನ ಪುಡಿ ಪಾಕೀಟ ಬರ್ತಾವು. ನನಗೂ ಇಂಥಾದೊಂದು ಬೇಕು. ಕ್ಲಿಪ್ಪ ಇದ್ದದ್ದು ಚಲೋನೋ, ಇಲ್ಲದ್ದು ಚಲೋನೋ?"

"ಬ್ಯಾಡ್ರಿ ವೈನಿ, ಕ್ಲಿಪ್ಪಿನ ಗೊಡವಿನ ಬ್ಯಾಡ," ಎಂದಳು ಯಶೋಧರಾ.

"ಕ್ಲಿಪ್ಪ ಇದ್ದದ್ದ ತಗೋರಿ," ಎಂದ ಪರಮೇಶ್ವರ ಅದೇ ಉಸಿರಿನಲ್ಲಿ. "ನನ್ನದು ನೋಡ್ರಿ, ಮುಂಜಾನಿಂದ ಸಾಬೂನ ನೀರಾಗ ಮುಳುಗೇತಿ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಾದ ಅಲ್ಲಿಂದ ಮತ್ತೆ ಮೊದಲಾಯಿತು, ಈ ಸಲ ತಿರುಗಾಮುರುಗಾ. ಅದು ಮುಗಿಯುವ ಲಕ್ಷಣ ಕಾಣದೆ ಸಂಘಮಿತ್ರಾ ಅಡಿಗೆಮನೆಗೆ ಹೋಗಿ ತಾನೇ ಒಗ್ಗರಣೆ ಅವಲಕ್ಕಿ ಮಾಡಿದಳು. ಆಮೇಲೆ ಯಶೋಧರಾ ಅವಳನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಟಿಕೋಟಾದ ಬಸ್ಸು ಹತ್ತಿಸಿ, ಕಿಟಕಿಯ ಹತ್ತಿರ ಸೀಟು ಸಿಗುವ ತನಕ ಕೆಳಗೆ ನಿಂತಿದ್ದಳು. ಕ್ಲಿಪ್ಪಿಲ್ಲದ ಚಾಕು ಪರ್ಸಿನಲ್ಲಿತ್ತು.

ಆ ಭಾನುವಾರ ಯಶೋಧರಾ ಹೊತ್ತು ನೋಡದೆ ಟಿಕೋಟಾಕ್ಕೆ ಹೋದಳು. ಕಟ್ಟೆಯ ಮೇಲೆ ಕುಳಿತಿದ್ದ ಚಂದ್ರಾಬಾಯಿಯ ಎರಡೂ ಮಗ್ಗುಲಿಗೆ ಮಗಳೂ ಸೊಸೆಯೂ ಕುಳಿತು, ಬಸ್ಸಿನ ಕಥೆಯನ್ನು ಒಬ್ಬರ ಮಾತನ್ನೊಬ್ಬರು ಕಸಿದುಕೊಂಡು ಹೇಳಿದರು. ಮುದುಕಿ ಕಿವಿಗೊಟ್ಟು ಕೇಳಿದಳು.

"ಅಂದ್ರ, ಅದಕ್ಕಿಂತ ಮೊದಲ ನೀವಿಬ್ರೂ ಮಾತ ಬಿಟ್ಟಿದ್ರ್ಯಾ?" ಎಂದಳು.

"ಹೌದಬೇ. ಒಂದೂವರಿ ವರ್ಷ."

"ಒಂದೂವರಿ ವರ್ಷ! ಮತ್ತ ನನಗ ಯಾರೂ ಯಾಕ ಹೇಳಲಿಲ್ಲ?"

ಸಾಬಣ್ಣ ಎದ್ದು ಎಮ್ಮೆ ನೋಡಲು ಹೋದ. ಚಂದ್ರಾಬಾಯಿಯ ಮುಖ ಬಿಗಿಯಿತು. ಮನೆಯ ಹಿರಿಯಳು ತಾನು. ಇಷ್ಟು ದೊಡ್ಡ ಜಗಳ ತನ್ನ ಕಣ್ಣ ಮುಂದೆ ನಡೆದು, ಮುಗಿದೂ ಹೋಗಿ, ತನಗೆ ಒಂದು ಮಾತಿನ ಸುದ್ದಿಯಿಲ್ಲ. "ನನ್ನ ಲೆಕ್ಕಕ್ಕ ಇಟ್ಟಿಲ್ಲ ನೀವು ಯಾರೂ," ಎಂದವಳೇ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಯಶೋಧರಾ ಒಂದು ಕಡೆಯಿಂದ, ಸಂಘಮಿತ್ರಾ ಇನ್ನೊಂದು ಕಡೆಯಿಂದ ಎಷ್ಟು ಕರೆದರೂ ಮಾತಾಡಲಿಲ್ಲ. ಸಂಜೆಯ ತನಕ ಹಾಗೇ ಇದ್ದಳು.